ಹಿಂದಿಕ್ಕುವ ಲೇನನ್ನು ಖಾಲಿ ಬಿಡಿ

ಮೈಸೂರು, ಮಂಡ್ಯ ಕಡೆಯಿಂದ ಜರ್ಮನಿಗೆ ಬಂದವರು ಅಪ್ಪ, ಅಮ್ಮ, ಮಕ್ಕಳನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಸುತ್ತಲು ಹೊರಡುವಾಗ ಹೆದರುವುದು ರಸ್ತೆಯ ಬಲಕ್ಕೆ ಓಡಿಸಬೇಕಲ್ಲ ಎಂದು. ಆರ್‌ಟಿಒ ಕೊಡುವ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿಯ ಜೊತೆ ಮೂಲ ಡಿಎಲ್ ಕೂಡ ಕೈಯಲ್ಲಿರಲಿ. ಬಲಕ್ಕೆ ಓಡಿಸುವುದು ಬೇಗ ರೂಢಿಯಾಗುತ್ತದೆ. ಸ್ಟೀರಿಂಗ್ ಎಡಕ್ಕಿರುವುದರಿಂದ ಕಾರಿನ ಹೆಚ್ಚಿನ ಮೈ ನಮ್ಮ ಬಲಗಡೆ ಇರುತ್ತದೆ. ಹಳೆಯ ಅಂದಾಜಿನಲ್ಲೇ ಹೋದರೆ ಬಲಚಕ್ರ ಫುಟ್‌ಪಾತ್ ಕಲ್ಲಿಗೆ ಉಜ್ಜುತ್ತದೆ. ಇನ್ನೂ ಅಪಾಯದ ಗಳಿಗೆಯೆಂದರೆ ಬೆಳಗ್ಗೆ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಇಳಿಯುವಾಗ. ಮುಂದೆ ಬೇರೆ ವಾಹನವಿಲ್ಲದೆ ಕೈ ತಾನಾಗಿ ಎಡಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಕೂತವರು ಅಲ್ಲಿ ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳಬೇಕು.

ನಿಜಕ್ಕೂ ಹೊಸದಾಗಿ ಕಲಿಯಬೇಕಾದದ್ದು ಆಟೋಬಾನ್‌ನ, ಅಂದರೆ ಜರ್ಮನಿಯ ಹೆದ್ದಾರಿಯ, ಲೇನ್ ಶಿಸ್ತು. ಅಲ್ಲಿ ಎಡ ಲೇನು ಹಿಂದಿಕ್ಕುವುದಕ್ಕೆ. ಹಿಂದಿಕ್ಕಿದ ಮೇಲೆ ಬಲಕ್ಕೆ ಮರಳಲೇಬೇಕು. ವಾಹನಗಳು ಸರಾಗವಾಗಿ ಓಡುತ್ತಿರುವಾಗ ಬಲಗಡೆಯಿಂದ ನುಸುಳಿ ಮುಂದೆ ಹೋಗುವಂತಿಲ್ಲ. ವೇಗದ ಮಿತಿಯಿಲ್ಲದ ಕಡೆ 130 ಕಿ.ಮೀ. ಬರೀ ಸಲಹೆ. ನೀವು 110ರಲ್ಲಿ ಎಡಕ್ಕೆ ಹೊರಳಿದಾಗ ಹಿಂದಿನಿಂದ 200ರಲ್ಲಿ ಬರುವ ಕಾರು ಸೆಕೆಂಡಿಗೆ 25 ಮೀಟರ್ ಹತ್ತಿರವಾಗುತ್ತದೆ. 100 ಮೀಟರ್ ಅಂತರ ನಾಲ್ಕೇ ಸೆಕೆಂಡಿನಲ್ಲಿ ಕರಗುತ್ತದೆ. ಆದ್ದರಿಂದ ಕನ್ನಡಿಯನ್ನು ಎರಡು ಸಲ ನೋಡಬೇಕು. ಮುಂದಿನ ವಾಹನದಿಂದ ಬಿಡಬೇಕಾದ ಅಂತರಕ್ಕೂ ಸುಲಭ ಲೆಕ್ಕವಿದೆ: ಸ್ಪೀಡೋಮೀಟರ್ ತೋರಿಸುವುದರ ಅರ್ಧದಷ್ಟು ಮೀಟರ್. 100ರಲ್ಲಿದ್ದರೆ 50 ಮೀಟರ್. ರಸ್ತೆಯಂಚಿನ ಬಿಳಿ ಗೂಟಗಳನ್ನು 50 ಮೀಟರಿಗೊಂದರಂತೆ ನೆಟ್ಟಿರುವುದರಿಂದ ಅಳತೆ ಕಣ್ಣೆದುರೇ ಇರುತ್ತದೆ.

ನಾಲ್ಕೂ ಇಂಡಿಕೇಟರ್ ಮಿನುಗಿಸುವುದರಲ್ಲೂ ವ್ಯತ್ಯಾಸ. ನಮ್ಮಲ್ಲಿ ಜೋರು ಮಳೆಗೆ, ಸರ್ಕಲ್ಲಿನಲ್ಲಿ ನೇರ ಹೋಗುವುದಕ್ಕೆ ಅದನ್ನು ಹಾಕುತ್ತಾರೆ. ಅಲ್ಲಿ ಮುಂದೆ ಜಾಮ್ ಕಂಡಾಗ ಹಿಂದಿನವರನ್ನು ಎಚ್ಚರಿಸಲು ಹಾಕುತ್ತಾರೆ. ವಾಹನಗಳು ನಡಿಗೆಯ ವೇಗಕ್ಕೆ ಬಂದರೆ, ಎಡ ತುದಿಯ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ಆಂಬುಲೆನ್ಸಿಗೆ ದಾರಿ ಮಾಡಬೇಕು. ಸೈರನ್ ಕೇಳುವವರೆಗೆ ಕಾಯುವ ಹಾಗಿಲ್ಲ. ತಪ್ಪಿದರೆ ದಂಡ 200 ಯೂರೋ, ಒಂದು ತಿಂಗಳು ವಾಹನ ಓಡಿಸುವುದಕ್ಕೂ ನಿಷೇಧ. ನನ್ನ ಕಣ್ಣಿಗೆ ಆ ರಸ್ತೆಗಳ ಅತ್ಯಂತ ಮಾನವೀಯ ನಿಯಮ ಇದು.

ಬೆಂಗಳೂರು–ಮೈಸೂರು ದಶಪಥ 2023ರಲ್ಲಿ ಉದ್ಘಾಟನೆಯಾಯಿತು. ಮುಖ್ಯರಸ್ತೆಯಲ್ಲಿ ಒಂದೊಂದು ದಿಕ್ಕಿಗೆ ಮೂರು ಲೇನು, ಅಕ್ಕಪಕ್ಕ ಸರ್ವಿಸ್ ರಸ್ತೆ, ಕಾರಿಗೆ 100ರ ಮಿತಿ. ರಸ್ತೆ ಯಾವ ದೇಶಕ್ಕೂ ಕಡಿಮೆಯಿಲ್ಲ. ನಮ್ಮಲ್ಲಿ ಹಿಂದಿಕ್ಕುವುದಕ್ಕಿರುವುದು ಬಲ ಲೇನು. ಆದರೆ ಮದ್ದೂರು ದಾಟಿದರೂ ಅದರಲ್ಲಿ 60ರಲ್ಲಿ ಸಾಗುವ ಲಾರಿ ಜಾಗ ಬಿಡುವುದಿಲ್ಲ. ಕಾರಿನವರು ಎಡದಿಂದ ನುಗ್ಗುತ್ತಾರೆ. ಲಾರಿಯವರನ್ನೇ ಬೈದು ಪ್ರಯೋಜನವಿಲ್ಲ. ಎಡ ಲೇನಿನಲ್ಲಿ ಕೆಟ್ಟು ನಿಂತ ಟಿಪ್ಪರ್, ಅದರ ಹಿಂದೆ ಎಚ್ಚರಿಕೆಗೆಂದು ಇಟ್ಟ ಕಲ್ಲು ಸೊಪ್ಪು, ತಿಂಡಿಗೆ ನಿಲ್ಲಿಸಿದ ಕಾರು, ಎದುರು ದಿಕ್ಕಿನಿಂದ ಬರುವ ಬೈಕು ಇದ್ದರೆ ತೂಕ ಹೊತ್ತ ಗಾಡಿಗೆ ಬಲ ಲೇನೇ ಕ್ಷೇಮ ಎನಿಸುವುದು ಸಹಜ. ಅದೇ ಆಟೋಬಾನ್‌ನಲ್ಲಾದರೆ ಡೀಸೆಲ್ ಮುಗಿದು ನಿಂತರೂ ದಂಡ ಬೀಳಬಹುದು, ಅದು ತಪ್ಪಿಸಬಹುದಾಗಿದ್ದ ನಿಲುಗಡೆ ಎಂದು.

ಹಾಗಾಗಿ ಕ್ಯಾಮೆರಾ ವೇಗವನ್ನಷ್ಟೇ ಹಿಡಿದರೆ ಸಾಲದು. ನಿಂತ ವಾಹನವನ್ನು ಕೂಡಲೇ ಎಳೆದೊಯ್ಯುವ ಕ್ರೇನ್, ಗಸ್ತು ಬೇಕು. ಆಮೇಲೆ ಬಲ ಲೇನು ಬಿಡದವರಿಗೆ ದಂಡ ಹಾಕಿದರೆ ನ್ಯಾಯ. ಕಾರಿನವರಂತೂ ಇವತ್ತೇ ಶುರುಮಾಡಬಹುದು. ಹಿಂದಿಕ್ಕಿದ ವಾಹನದ ಎರಡೂ ಹೆಡ್‌ಲೈಟ್ ಒಳಗನ್ನಡಿಯಲ್ಲಿ ಕಾಣಿಸಿದ ಮೇಲೆ ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ.