ಕ್ಯಾಪ್ಸಿಕಂಗೆ ಮರುನಾಮಕರಣ ಬೇಕಿಲ್ಲ

ಹುಟ್ಟುವಾಗಲೇ ಮಲಯಾಳದ ಹೆಸರುಗಳ ಹಾಗೆ ಬಾಲಕ್ಕೆ ಸೊನ್ನೆ ಕಟ್ಟಿಕೊಂಡು ಬಂದ ತರಕಾರಿ ಕೇರಳದ ಕಾಸರಗೋಡಿಗೆ ಸೇರಿದ ನಮ್ಮ ಬದಿಯಡ್ಕದ ಪೇಟೆಯಲ್ಲಿ ಒಂದೇ ಒಂದು, ಕ್ಯಾಪ್ಸಿಕಂ. ಅದರ ಅದೃಷ್ಟವೇ ಅದೃಷ್ಟ. ಮಧೂರು ಮಧುರಂ ಆಗಬೇಕು, ಮಲ್ಲ ಮಲ್ಲಂ ಆಗಬೇಕು, ಕಾರಡ್ಕ ಕಾಡಗಂ ಆಗಬೇಕು, ಮಂಜೇಶ್ವರಕ್ಕೂ ಹಿಂದಿನಿಂದೊಂದು ಸೊನ್ನೆ ಅಂಟಿಸಬೇಕು ಎಂದು ನಮ್ಮ ಊರುಗಳ ಕನ್ನಡ ಹೆಸರುಗಳನ್ನು ಮಲಯಾಳ ಮಾಡುವ ಪಟ್ಟಿ 2021ರಲ್ಲಿ ಪತ್ರಿಕೆಗಳಲ್ಲಿ ಬಂದು ಗದ್ದಲವಾಯಿತಲ್ಲ, ಆಗ ಒಂದಿಷ್ಟೂ ತಲೆ ಕೆಡಿಸಿಕೊಳ್ಳದೆ ಬುಟ್ಟಿಯಲ್ಲಿ ಹೊಳೆಯುತ್ತ ಕುಳಿತಿದ್ದದ್ದು ಇದು ಮಾತ್ರ. ಅಂಥ ಪ್ರಸ್ತಾವವೇ ಇಲ್ಲ ಎಂದು ಆಮೇಲೆ ತಿರುವನಂತಪುರದಿಂದ ಹೇಳಿಕೆ ಬಂತು. ಬಹಳ ಸಂತೋಷ. ಪ್ರಸ್ತಾವವೇ ಇಲ್ಲದೆ ಇಷ್ಟು ಕೆಲಸ ಆಗುವುದಾದರೆ, ಪ್ರಸ್ತಾವ ಇದ್ದಿದ್ದರೆ ಇನ್ನೆಷ್ಟು ಆಗುತ್ತಿತ್ತೋ.

ನಾನೀಗ ಬರೆಯಹೊರಟದ್ದು ಊರಿನ ಹೆಸರಿನ ಬಗ್ಗೆ ಅಲ್ಲ, ಅಡುಗೆಯ ಬಗ್ಗೆ. ಬೆಂಗಳೂರಿನಿಂದ ಅಕ್ಕ ಮತ್ತು ಭಾವ ಬಂದಿದ್ದರು. ಮನೆಯಲ್ಲಿ ಹೊಸ ಓವನ್ ಇತ್ತು. ಅದರಲ್ಲಿ ಇದುವರೆಗೆ ಒಂದು ಕೇಕ್ ಸೀದುಹೋದದ್ದು ಬಿಟ್ಟರೆ ಬೇರೆ ಸಾಧನೆ ಆಗಿರಲಿಲ್ಲ. ದೊಣ್ಣೆಮೆಣಸಿನ ಹೊಟ್ಟೆ ಬಗೆದು, ಅನ್ನ, ಚೀಸು ತುಂಬಿ ಬೇಯಿಸುವ ಒಂದು ವಿಡಿಯೋವನ್ನು ಮೂರು ಸಲ ನೋಡಿ, ರಾತ್ರಿಯ ಊಟ ನನ್ನದು ಎಂದು ಘೋಷಿಸಿಬಿಟ್ಟೆ. ಹೆಂಡತಿ ಏನೂ ಹೇಳಲಿಲ್ಲ, ಒಂದು ಪಾವು ಅಕ್ಕಿ ಹೆಚ್ಚು ತೊಳೆದಿಟ್ಟಳು.

ಒಂಬತ್ತು ಕಾಯಿ ತಂದೆ. ಆರಿಸುವಾಗಲೇ ಭಾವ ಅಡ್ಡ ಬಂದರು. ತಳದಲ್ಲಿ ಮೂರು ಉಬ್ಬಿದ್ದರೆ ಗಂಡು, ನಾಲ್ಕು ಉಬ್ಬಿದ್ದರೆ ಹೆಣ್ಣು, ಹೆಣ್ಣು ಸಿಹಿ, ತುಂಬುವುದಕ್ಕೆ ಅದೇ ಆಗಬೇಕು ಎಂದು ಅವರ ವಾಟ್ಸ್‌ಆ್ಯಪ್ ಹೇಳುತ್ತದಂತೆ. ಕ್ಯಾಪ್ಸಿಕಂ ಗಿಡದ ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ, ಕಾಯಿಗೆ ಲಿಂಗವಿಲ್ಲ ಎಂದೆ. ಭಾವ ನಂಬಲಿಲ್ಲ. ಹಸಿರು ಬೇರೆ ಜಾತಿ, ಕೆಂಪು ಬೇರೆ ಜಾತಿ ಎಂದೂ ಅವರ ವಾದ. ಹಸಿರನ್ನೇ ಗಿಡದಲ್ಲಿ ಹಣ್ಣಾಗಲು ಬಿಟ್ಟರೆ ಕೆಂಪೋ ಹಳದಿಯೋ ಆಗುತ್ತದೆ ಎಂದು ಅಂಗಡಿಯವನು ತುಳುವಿನಲ್ಲಿ ಹೇಳಿದ. ಅದನ್ನು ನಾನು ಕನ್ನಡ ಮಾಡಿ ಹೇಳಿದೆ. ಅಷ್ಟರಲ್ಲಿ ಅಂಗಡಿಯವನು ಇನ್ನೊಬ್ಬ ಗಿರಾಕಿಗೆ ಮಲಯಾಳದಲ್ಲಿ ಬೆಲೆ ಹೇಳಿ, ಮೊಬೈಲಿನಲ್ಲಿ ಹಿಂದಿಯವನೊಬ್ಬನಿಗೆ ಈರುಳ್ಳಿ ಲಾರಿ ಎಲ್ಲಿ ಎಂದು ಬೈದು, ನನಗೆ ಕನ್ನಡದಲ್ಲಿ ಚಿಲ್ಲರೆ ಕೇಳಿದ. ನಾಲ್ಕು ಭಾಷೆಯ ಈ ಕಚೇರಿ ನಡೆಯುವುದು ಹತ್ತಡಿಯ ಕೋಣೆಯಲ್ಲಿ, ಒಬ್ಬ ಸಿಬ್ಬಂದಿಯಿಂದ, ಒಂದೂ ಸುತ್ತೋಲೆ ಇಲ್ಲದೆ.

ಮೆಣಸಿನ ವಿಷಯದಲ್ಲಿ ಹೆಸರಿನ ಅವಾಂತರ ಹಳೆಯದು. 1492ರಲ್ಲಿ ಕೊಲಂಬಸ್ ಹಡಗು ಹತ್ತಿದ್ದು ನಮ್ಮ ಕಡೆಯ ಕಾಳುಮೆಣಸಿನ ದಾರಿ ಹುಡುಕಿಕೊಂಡು. ಮುಟ್ಟಿದ್ದು ಇನ್ನೆಲ್ಲಿಗೋ. ಮುಟ್ಟಿದ ನೆಲವನ್ನು ಇಂಡಿಯಾ ಎಂದ, ಅಲ್ಲಿದ್ದವರನ್ನು ಇಂಡಿಯನ್ನರು ಎಂದ, ನಾಲಗೆ ಸುಟ್ಟ ಕಾಯಿಯನ್ನು ಮೆಣಸು ಎಂದ. ಊರಿನವರನ್ನು ಕೇಳದೆ ಊರಿಗೆ ಹೆಸರಿಡುವ ಇಲಾಖೆಯವರು ತಮ್ಮ ಗೋಡೆಯ ಮೇಲೆ ಯಾರದಾದರೂ ಪಟ ತೂಗುಹಾಕುವುದಿದ್ದರೆ ಅವನದನ್ನೇ ಹಾಕಬೇಕು. ಆ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಇಳಿದ ಮೇಲೆ ಹಳೆಯ ಮೆಣಸಿಗೆ ಬೇರೆ ಗುರುತು ಬೇಕಾಯಿತು. ನಮ್ಮವರು ಒಳ್ಳೆಮೆಣಸು ಎಂದರು. ತುಳುವಿನವರು ಎಡ್ಡೆ ಮುಂಚಿ ಎಂದರು. ಮಲಯಾಳದವರು ನಲ್ಲಮುಳಗ್ ಎಂದರು. ಮೂರಕ್ಕೂ ಅರ್ಥ ಒಂದೇ. ಯಾವ ಸಮಿತಿ ಕೂತಿತ್ತು, ಯಾವ ಆಯೋಗ ವರದಿ ಕೊಟ್ಟಿತ್ತು?

ಆಯೋಗ ಎಂದ ಕೂಡಲೇ ಭಾವನಿಗೆ ರಾಜ್ಯಗಳ ಗಡಿ ವಿವಾದದ ಮಹಾಜನ ಆಯೋಗದ ವರದಿ ನೆನಪಾಯಿತು. ಪ್ರತಿ ಸಲ ಬಂದಾಗಲೂ ನೆನಪಾಗುತ್ತದೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲೇ ಬರೆದಿದ್ದಾರೆ ಎಂದು, ನಾವು ಇಲ್ಲಿಯವರೇ ಅಲ್ಲ ಎಂಬಂತೆ, ನಮಗೇ ವಿವರಿಸುತ್ತಾರೆ. ಕಾಸರಗೋಡು ನಮ್ಮದೇ ಎಂದು ನವೆಂಬರ್ ಒಂದರಂದು ಬೆಂಗಳೂರಿನಲ್ಲಿ ಭಾಷಣ ಕೇಳಿ ಬಂದಿರುತ್ತಾರೆ. ಆಮೇಲೆ ನನ್ನ ಮಗಳನ್ನು ಕೂರಿಸಿಕೊಂಡು, “ನೀವೆಲ್ಲ ಮನೆಯಲ್ಲಿ ಮಲಯಾಳ ಮಾತಾಡುತ್ತೀರಾ ಪುಟ್ಟಿ?” ಎಂದು ಕೇಳುತ್ತಾರೆ. ಅವರ ಮಗ ಬೆಂಗಳೂರಿನಲ್ಲಿ ಓದುವ ಶಾಲೆಯಲ್ಲಿ ಕನ್ನಡ ಎಷ್ಟಿದೆ ಎಂದು ಅತಿಥಿಗಳನ್ನು ಕೇಳಬಾರದು. ಕೇಳಲಿಲ್ಲ.

ಕಾಯಿಯ ತಲೆ ಕೊಯ್ಯುವುದು ಸುಲಭದ ಕೆಲಸವಲ್ಲ. ತೊಟ್ಟಿನ ಸುತ್ತ ಚೂರಿಯನ್ನು ಓರೆಯಾಗಿ ಆಡಿಸಿ, ಟೊಪ್ಪಿ ಹರಿಯದಂತೆ ಎತ್ತಬೇಕು, ಬೇಯಿಸುವಾಗ ಅದನ್ನೇ ಮತ್ತೆ ಮುಚ್ಚಲಿಕ್ಕಿದೆ. ಒಳಗಿನ ಬಿಳಿ ನರಗಳನ್ನು ಬೆರಳಿನಿಂದ ಕಿತ್ತರೆ ಬೀಜಗಳು ಕೈಗೆಲ್ಲ ಅಂಟುತ್ತವೆ, ಕೊಡವಿದರೂ ಬೀಳುವುದಿಲ್ಲ, ಗಲ್ಲ ತುರಿಸಿದರೆ ಗಲ್ಲಕ್ಕೆ ಬರುತ್ತವೆ. ತಳ ಸಮವಿಲ್ಲದ ಕಾಯಿಯನ್ನು ಚೂರೇ ಚೂರು ಹೆರೆದು ನೆಟ್ಟಗೆ ನಿಲ್ಲಿಸಬೇಕು. ಹೆರೆದದ್ದು ಹೆಚ್ಚಾದರೆ ತೂತಾಗಿ ಒಳಗಿನದ್ದೆಲ್ಲ ಸೋರುತ್ತದೆ. ಬಗೆದ ಕಾಯಿಯನ್ನು ಬೆರಳಿನಿಂದ ತಟ್ಟಿದರೆ ಸಣ್ಣ ಡೋಲಿನ ಹಾಗೆ ಸದ್ದು. ತುಂಬಲಿಕ್ಕೆ ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ, ಹುರಿದ ನೀರುಳ್ಳಿ, ನೆಲಕಡಲೆ, ತೆಂಗಿನತುರಿ, ವಿಡಿಯೋದ ಮರ್ಯಾದೆಗೆ ಒಂದಿಷ್ಟು ಚೀಸು. ದೊಡ್ಡಮ್ಮ ನೀರುಳ್ಳಿ ತಿನ್ನುವುದಿಲ್ಲ. ಅವರ ಪಾಲಿನ ಕಾಯಿಗೆ ಗುರುತಿಗಾಗಿ ಒಂದು ಲವಂಗ ಚುಚ್ಚಿದೆ.

ಹೊರಗಿನಿಂದ ನೋಡಿದರೆ ಒಂಬತ್ತೂ ಅಪ್ಪಟ ಕ್ಯಾಪ್ಸಿಕಂ. ತೊಟ್ಟು ಅದರದೇ, ಬಣ್ಣ ಅದರದೇ, ಟೊಪ್ಪಿ ಅದರದೇ.

ಮಗಳು ಐದನೆಯ ತರಗತಿ. ಕನ್ನಡ ಮಾಧ್ಯಮ. ಅಡುಗೆಕಟ್ಟೆಯ ತುದಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದವಳು ತಲೆಯೆತ್ತಿ, “ಅಪ್ಪಾ, ನಲವತ್ತೆಂಟನ್ನು ಆರು ಯಾಕೆ ಹರಣ ಮಾಡಿತು?” ಎಂದು ಕೇಳಿದಳು.

ಕುಂಬಳೆ ಸೀಮೆಯ ಮಕ್ಕಳಿಗೆ ಹರಣ ಎಂದರೆ ಏನೆಂದು ಚೆನ್ನಾಗಿ ಗೊತ್ತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ನೆಲ ಇದು. ಚಳಿಗಾಲದ ರಾತ್ರಿ ಬಯಲಾಟದಲ್ಲಿ ಕಂಬಳಿ ಹೊದ್ದು ಕೂತು ರಾವಣ ಸೀತೆಯನ್ನು ಒಯ್ಯುವುದನ್ನು ಕಂಡ ಮಕ್ಕಳು ಇವರು. ಮಲಯಾಳದಲ್ಲಿ ಭಾಗಾಕಾರಕ್ಕೆ ಹರಣಂ ಎನ್ನುತ್ತಾರೆ. ತಪ್ಪೇನಿಲ್ಲ, ಸಂಸ್ಕೃತದ ಒಳ್ಳೆಯ ಶಬ್ದವೇ. ಟೀಚರಿಗೆ ಗೊತ್ತಿರುವುದು ಅದೊಂದೇ. ಅವರು ದಕ್ಷಿಣದ ತುದಿಯಿಂದ, ಇಲ್ಲಿಗೆ 500 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದವರು. ಅವರಿಗೆ ಕನ್ನಡ ಬರುವುದಿಲ್ಲ. ಕನ್ನಡ ಪಠ್ಯಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿಟ್ಟು, ಚಿತ್ರಗಳನ್ನು ತೋರಿಸಿ ಪಾಠ ಮಾಡುತ್ತಾರೆ. ಪಾಪದ ಹೆಣ್ಣುಮಗಳು. ಪರೀಕ್ಷೆ ಬರೆದು ಕೆಲಸ ಗಿಟ್ಟಿಸಿದ ತಪ್ಪಿಗೆ, ತನಗೆ ಓದಲಾಗದ ಪುಸ್ತಕವನ್ನು ದಿನವೂ ತೆರೆಯಬೇಕು.

ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಶಿಕ್ಷಕರು ಎಂಬ ಸುದ್ದಿ ಈ ಸಲವೂ ಬಂದಿದೆ, ನೀವೂ ಓದಿದ್ದೀರಿ, ಮತ್ತೆ ಹೇಳುವುದಿಲ್ಲ. ಮೊದಲ ಪುಟದಲ್ಲಿ ಬರುತ್ತಿತ್ತು, ಆಮೇಲೆ ಮೂರನೆಯದಕ್ಕೆ ಹೋಯಿತು, ಈಗ ನಿಧನವಾರ್ತೆಗಳ ಪಕ್ಕದಲ್ಲಿ ಜಾಗ ಕೊಟ್ಟಿದ್ದಾರೆ. ಸರಿಯಾದ ಜಾಗವೇ.

ಈ ಏರ್ಪಾಡನ್ನು ನಾನು ಮೆಚ್ಚುತ್ತೇನೆ. ಎಷ್ಟು ನಯವಾದ ಕೆಲಸ! ಶಾಲೆಯನ್ನು ಮುಚ್ಚಿದರೆ ಜನ ಬೀದಿಗೆ ಇಳಿಯುತ್ತಾರೆ, ಹರತಾಳ ಆಗುತ್ತದೆ. ಮುಚ್ಚಬೇಡಿ. ಬೋರ್ಡು ಕನ್ನಡದಲ್ಲಿ ಇರಲಿ, ಬೆಳಗಿನ ಪ್ರಾರ್ಥನೆ ಕನ್ನಡದಲ್ಲಿ ಇರಲಿ, ಪುಸ್ತಕವೂ ಕನ್ನಡದ್ದೇ ಇರಲಿ. ಒಳಗಿನ ಬಿಳಿ ನರ, ಬೀಜ ಇಷ್ಟನ್ನು ಮಾತ್ರ ಬೆರಳು ಹಾಕಿ ತೆಗೆಯಿರಿ. ಟೊಪ್ಪಿಯನ್ನು ಮರೆಯದೆ ಮುಚ್ಚಿ.

ಕಾನೂನಿಗೆ ಬರವಿಲ್ಲ. 1956ರ ನವೆಂಬರ್ ಒಂದರಂದು ನಮ್ಮನ್ನು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಕೊಟ್ಟರು. ಅದೇ ವರ್ಷದ ಏಳನೆಯ ತಿದ್ದುಪಡಿಯಲ್ಲಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಇರಬೇಕು ಎಂದು ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿದರು. ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕನ್ನಡದಲ್ಲೇ ಉತ್ತರ ಕೊಡಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಟೀಚರ ವಿಷಯದಲ್ಲಿ ನಾನು ಅರ್ಜಿ ಕೊಟ್ಟಿದ್ದೆ. ಉತ್ತರ ಬಂತು. ಮಲಯಾಳದಲ್ಲಿ ಬಂತು. ನೆರೆಮನೆಯ ಹುಡುಗನಿಂದ ಓದಿಸಿದೆ. ಕನ್ನಡಿಗರ ಭಾಷಾ ಅವಕಾಶಗಳನ್ನು ಸಂರಕ್ಷಿಸಲಾಗುತ್ತಿದೆ ಎಂದು ಬರೆದಿತ್ತು.

ಅವಕಾಶಂ ಎಂದರೆ ಮಲಯಾಳದಲ್ಲಿ ಹಕ್ಕು. ಅದೇ ಶಬ್ದ ನಮ್ಮ ಕಿವಿಗೆ ಬೀಳುವಾಗ ಅರ್ಧ ಕರಗಿರುತ್ತದೆ. ಅವಕಾಶ ಸಿಕ್ಕಿದರೆ ನೋಡೋಣ, ಅವಕಾಶ ಆದಾಗ ಬನ್ನಿ, ಎಲ್ಲರಿಗೂ ಮಾತಾಡಲು ಅವಕಾಶ ಸಿಗುವುದಿಲ್ಲ, ದಯವಿಟ್ಟು ಕುಳಿತುಕೊಳ್ಳಿ. ಎಪ್ಪತ್ತು ವರ್ಷಗಳ ಜಗಳ ಬಹುಶಃ ಈ ಒಂದು ಶಬ್ದದಲ್ಲಿದೆ: ಅವರು ಹಕ್ಕು ಕೊಟ್ಟೆವು ಎನ್ನುತ್ತಾರೆ, ನಾವು ಅವಕಾಶಕ್ಕಾಗಿ ಕಾಯುತ್ತೇವೆ. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆಯ ಸಮಯದಲ್ಲೂ ಅಲ್ಪಸಂಖ್ಯಾತರ ಅವಕಾಶಕ್ಕೆ ಧಕ್ಕೆ ಇಲ್ಲ ಎಂದರು. ಧಕ್ಕೆ ಆಗುವಷ್ಟು ಗಟ್ಟಿಯಾಗಿ ಏನು ಉಳಿದಿದೆ?

ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ ಎಂದು ನನಗೂ ಗೊತ್ತಿದೆ. ಹತ್ತು ವರ್ಷದ ಮಗು ಬೆಳಿಗ್ಗೆ ಹತ್ತರಿಂದ ಸಂಜೆಯ ತನಕ ಅರ್ಥವಾಗದ ಮಾತು ಕೇಳಿಸಿಕೊಂಡು ಕೂರುತ್ತದೆ. ಮೊದಲ ವಾರ ಕೇಳಿತು, ಎರಡನೆಯ ವಾರ ಪಕ್ಕದವಳನ್ನು ಕೇಳಿತು, ಈಗ ಕೇಳುವುದನ್ನೇ ಬಿಟ್ಟಿದೆ. ತಾನೇ ದಡ್ಡಿ ಎಂದುಕೊಂಡಿದೆ. ಮೊನ್ನೆ ಅವಳೇ ಹೇಳಿದಳು, “ನನಗೆ ಲೆಕ್ಕ ತಲೆಗೆ ಹೋಗುವುದಿಲ್ಲ ಅಪ್ಪ.” ಅಂಗಡಿಯಲ್ಲಿ ಚಿಲ್ಲರೆಯನ್ನು ನನಗಿಂತ ಮೊದಲು ಎಣಿಸುವ ಹುಡುಗಿ ಇವಳು. ಈ ಲೆಕ್ಕ ಯಾರ ಫೈಲಿನಲ್ಲಿದೆ?

ಇರಲಿ. ಕ್ಯಾಪ್ಸಿಕಂ.

ಓವನನ್ನು 180 ಡಿಗ್ರಿಗೆ ಇಟ್ಟು, ತಟ್ಟೆಯ ತಳಕ್ಕೆ ನಾಲ್ಕು ಚಮಚ ನೀರು ಹಾಕಿ, ಮೇಲೊಂದು ಹಾಳೆ ಮುಚ್ಚಿ, ಆರೂ ಮುಕ್ಕಾಲಿಗೆ ಒಂಬತ್ತು ಕಾಯಿಗಳನ್ನೂ ಒಳಗೆ ಕಳುಹಿಸಿದೆ. ನಲವತ್ತು ನಿಮಿಷ ಬೇಕು. ಏಳೂ ಐದಕ್ಕೆ ಕರೆಂಟು ಹೋಯಿತು. ಓವನಿನ ಕೆಂಪು ಸರಿಗೆಗಳು ನಿಧಾನವಾಗಿ ಕಪ್ಪಾದವು. ಒಳಗೆ ಟಾರ್ಚು ಬಿಟ್ಟು ನೋಡಿದರೆ ಒಂಬತ್ತು ಕಾಯಿಗಳು ಮೈ ಬೆವರಿ, ಅತ್ತ ಹಸಿಯೂ ಅಲ್ಲದೆ ಇತ್ತ ಬೆಂದೂ ಇಲ್ಲದೆ, ಒಂದಕ್ಕೊಂದು ಒರಗಿ ನಿಂತಿದ್ದವು.

ಮುನ್ಸೂಚನೆ ಬಂದಿರಲಿಲ್ಲವೇ? ಬಂದಿತ್ತು. ಬೆಳಿಗ್ಗೆಯೇ ಮೊಬೈಲಿಗೆ ಬಂದಿತ್ತು, ಮಲಯಾಳ ಲಿಪಿಯಲ್ಲಿ. ನಾನು ಮಲಯಾಳ ಮಾತಾಡುತ್ತೇನೆ, ಓದಲಾರೆ. ನನ್ನ ಕಾಲದಲ್ಲಿ ಕಲಿಸಿರಲಿಲ್ಲ. ಗ್ಯಾಸಿನವರದ್ದೋ ಬ್ಯಾಂಕಿನವರದ್ದೋ ಇರಬೇಕೆಂದು ಬಿಟ್ಟಿದ್ದೆ. ಲೈನಿನ ಕೆಲಸ, ರಾತ್ರಿ ಒಂಬತ್ತರ ತನಕ ಕರೆಂಟಿಲ್ಲ ಎಂದು ನೆರೆಮನೆಯ ಹುಡುಗ ಬೇಲಿಯ ಆಚೆಯಿಂದಲೇ ಓದಿ ಹೇಳಿದ. ಈ ಹುಡುಗ ನನ್ನ ಖಾಸಗಿ ಭಾಷಾಂತರ ಇಲಾಖೆ. ಮಗಳಿಗೆ ಹರಣಂ ಎಂದರೆ ಭಾಗಾಕಾರ ಎಂದು ಮೊದಲು ಹೇಳಿಕೊಟ್ಟವನೂ ಅವನೇ. ಮಲಯಾಳ ಮಾಧ್ಯಮದಲ್ಲಿ ಓದುವವನು. ಕೂಲಿಯಾಗಿ ಅವನಿಗೊಂದು ಕ್ಯಾಪ್ಸಿಕಂ ಮೊದಲೇ ಗೊತ್ತು ಮಾಡಿದ್ದೆ.

ಕಚೇರಿಗೆ ಫೋನ್ ಮಾಡಿ ಕೇಳೋಣ ಎಂದರು ಭಾವ. ದೊಡ್ಡಮ್ಮ ಬೇಡವೇ ಬೇಡ ಎಂದರು. ಅವರಿಗೆ ಕಚೇರಿಗಳ ಅನುಭವವಿದೆ. ಪೆರ್ಲದ ಆಚೆಯ ಒಳಭಾಗದವರು, ಮನೆಮಾತು ಹವ್ಯಕ, ಕೆಲಸದವರೊಡನೆ ತುಳು. ಹಿಂದೊಮ್ಮೆ ಪಿಂಚಣಿಯ ಕಾಗದಕ್ಕೆ ಹೋದಾಗ ಮೇಜಿನ ಆಚೆಯಿದ್ದವರು, “ಮಲಯಾಳಂ ಸಂಸಾರಿಕ್ಕಾನ್ ಅರಿಯುಮೋ?” ಎಂದು ಕೇಳಿದರು. ಮಲಯಾಳ ಮಾತಾಡಲು ಬರುತ್ತದೆಯೇ ಎಂದು ಅದರ ಅರ್ಥ. ದೊಡ್ಡಮ್ಮನ ಕಿವಿಗೆ ಬಿದ್ದದ್ದು ಸಂಸಾರ ಒಂದೇ. “ಎಂಥ ಪ್ರಶ್ನೆ ಇದು? ಐವತ್ತು ವರ್ಷ ಸಂಸಾರ ಮಾಡಿದವಳು ನಾನು” ಎಂದು ಕಾಗದ ಅಲ್ಲೇ ಬಿಟ್ಟು ಎದ್ದು ಬಂದಿದ್ದರು.

ಅವರೇ ಎದ್ದರು. ದಪ್ಪ ತಳದ ಬಾಣಲೆಗೆ ಎರಡು ಸೌಟು ತೆಂಗಿನೆಣ್ಣೆ ಎರೆದು, ಕಾಯಿಗಳನ್ನು ಒಂದೊಂದಾಗಿ ಇಳಿಸಿ, ಮೇಲೆ ಮುಚ್ಚಳ ಕವುಚಿ, ಸಣ್ಣ ಉರಿ ಇಟ್ಟರು. ಮೇಣದಬತ್ತಿಯ ಬೆಳಕು. ಸಿಪ್ಪೆ ಸುಕ್ಕಾಗಿ ಅಲ್ಲಲ್ಲಿ ಕಪ್ಪಾಗುವಾಗ ಸುಟ್ಟ ಬದನೆಯಂಥ ವಾಸನೆ ಬಂತು. “ಇದು ನಮ್ಮ ಎಣ್ಣೆಗಾಯಿ ಅಲ್ಲವೋ ಮಾರಾಯ, ಇದಕ್ಕೆ ಆ ಪೆಟ್ಟಿಗೆ ಯಾಕೆ?” ಎಂದು ಕೇಳಿದರು. ವಿಡಿಯೋದಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಬಡಿಸುವ ಕೆಲಸ ಮಗಳದ್ದು. ನೆರೆಮನೆಗೆ ಒಂದು ಕಳುಹಿಸಿದ ಮೇಲೆ ಎಂಟು ಉಳಿದವು, ನಾವು ಆರು ಜನ. ಅವಳು ಸೌಟು ಹಿಡಿದು ನಿಂತಲ್ಲೇ ಬಾಯಿಪಾಠ ಒಪ್ಪಿಸಿದಳು, ಎಂಟನ್ನು ಆರರಿಂದ ಹರಣ ಮಾಡಿದರೆ ಒಂದು, ಶಿಷ್ಟ ಎರಡು. ಶೇಷ ಎನ್ನಬೇಕು ಪುಟ್ಟಿ ಎಂದು ಭಾವ ತಿದ್ದಿದರು. ಮಲಯಾಳದಲ್ಲಿ ಅದಕ್ಕೆ ಶಿಷ್ಟಂ ಎಂದೇ ಹೇಳುವುದು ಎಂದೆ.

ಕರೆಂಟು ಬಂದದ್ದು ಒಂಬತ್ತೂ ಕಾಲಿಗೆ. ದೀಪ ಹತ್ತಿದಾಗ ಬಾಣಲೆಯಲ್ಲಿ ಒಂದು ಒಂಟಿ ಟೊಪ್ಪಿ ಮಾತ್ರ ಇತ್ತು. ಕತ್ತಲಲ್ಲಿ ಶಿಷ್ಟವೆರಡನ್ನೂ ಭಾವನವರು ಹರಣ ಮಾಡಿದ್ದರು, ಲವಂಗ ಚುಚ್ಚಿದ್ದನ್ನೂ ಸೇರಿಸಿ.