ಎಷ್ಟು ಪರ್ಸೆಂಟ್ ಆಯ್ತು ಮಾರಾಯ್ರೇ?

ಮಕ್ಕಳ ಲ್ಯಾಪ್‌ಟಾಪುಗಳಿಗೆ ಹೊಸದಾಗಿ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದಾಯಿತು. ಸರ್ವರ್‌ನಲ್ಲಿ ಎತ್ತಿಟ್ಟ ಫೈಲುಗಳನ್ನು ಅವರವರಿಗೆ ವಾಪಸ್ ಹಾಕುವುದು ಬಾಕಿ. ಆದರೆ ಇನ್‌ಸ್ಟಾಲ್ ಮಾಡಲು ಬಂದ ಪುಣ್ಯಾತ್ಮ, ಒಂದೊಂದರಲ್ಲೂ ಇಬ್ಬಿಬ್ಬರು ಮಕ್ಕಳ ಖಾತೆಗಳನ್ನು ಮನಸ್ಸಿಗೆ ಬಂದ ಹಾಗೆ ಹಿಂದುಮುಂದು ತೆರೆದು ಹೋಗಿದ್ದಾನೆ. ಮೊದಲ ಖಾತೆಗೆ 1000, ಎರಡನೆಯದಕ್ಕೆ 1001. ಫೈಲಿನ ಮಾಲೀಕ ಯಾರು ಅಂತ ಉಬುಂಟು ಗುರುತಿಡುವುದು ಈ ನಂಬರಿನಲ್ಲೇ, ಹಾಜರಿ ಕೂಗುವಾಗಿನ ರೋಲ್ ನಂಬರ್ ಥರ. ಹಳೇ ನಂಬರ್ ಸಮೇತ ಬಂದ ಹುಡುಗಿಯ ವಿಜ್ಞಾನ ಪ್ರಾಜೆಕ್ಟಿಗೆ ಈಗ ಪಕ್ಕದ ಹುಡುಗ ಮಾಲೀಕ! ಅವಳು ಓದಬಹುದು, ತಿದ್ದಿ ಸೇವ್ ಮಾಡುವ ಹಾಗಿಲ್ಲ.

"ಸಾರ್, ನನ್ ಫೈಲ್ ಇವ್ನು ತಗೊಂಡಿದಾನೆ."

"ನಾನು ಮುಟ್ಟೇ ಇಲ್ಲ ಸಾರ್!"

ಇಬ್ಬರು ಹೇಳಿದ್ದೂ ನಿಜ.

ಇದು ಫೈಲಿನ ಮಾಲೀಕರನ್ನು ಬದಲಿಸುವ ಚೌನ್ ಅನ್ನುವ ಕಮಾಂಡ್ ಕೊಟ್ಟರೆ ಸರಿಹೋಗುತ್ತದೆ. ಸರಿಹೋಗದವರು ನಮ್ಮ ಹೆಡ್‌ಮಾಸ್ಟರು. ಸರ್ವರ್‌ಗೂ ಲ್ಯಾಪ್‌ಟಾಪುಗಳಿಗೂ ನಡುವೆ ಇರುವ ನಮ್ಮ ನೆಟ್‌ವರ್ಕ್ ಸ್ವಿಚ್ಚು 100 ಮೆಗಾಬಿಟ್‌ನದು, ಎಷ್ಟೇ ಓಡಿದರೂ ಸೆಕೆಂಡಿಗೆ 12 ಮೆಗಾಬೈಟ್ ದಾಟಲ್ಲ. ಇವರು ಕೈ ಹಿಂದೆ ಕಟ್ಟಿಕೊಂಡು ಬೆನ್ನ ಹಿಂದೆ ನಿಂತು, "ಎಂತ ಮಾರಾಯ್ರೇ, ಎಷ್ಟು ಪರ್ಸೆಂಟ್ ಆಯ್ತು?" ಪರದೆಯಲ್ಲಿ ಇನ್ನು 4 ನಿಮಿಷ ಅಂತ ಕಂಡರೆ ಸಾಕು, ಸ್ಟಾಫ್ ರೂಮಿಗೆ ಹೋಗಿ ಎಲ್ಲರಿಗೂ ಸಾರಿ ಬರುತ್ತಾರೆ. ಬರುವಷ್ಟರಲ್ಲಿ ಅದು 40 ಆಗಿರುತ್ತದೆ.

"ಹಿಂದಕ್ಕೆ ಹೋಗ್ತಾ ಇದ್ಯಲ್ರೀ!"

ದೊಡ್ಡ ವಿಡಿಯೋ ಬೇಗ ಹೋಗುತ್ತೆ ಸಾರ್, ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಬಂದಾಗ ನಿಧಾನ, ಅಂದಾಜು ಬದಲಾಗುತ್ತೆ ಅಂತ ವಿವರಿಸಿದೆ. ತಲೆ ಆಡಿಸಿದರು. "ಗೊತ್ತಿಲ್ದಿದ್ರೆ ಸುಮ್ನಿರ್ಬೇಕಪ್ಪ, 4 ಅಂತ ಯಾಕೆ ಹೇಳ್ಬೇಕಿತ್ತು?" ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಆಗುಂಬೆ ಕಡೆಯಿಂದ ಮಳೆ ಹೊಡೆದು ಬಂತು, ಕರೆಂಟು ಹೋಯಿತು. ಮಳೆಗಾಲದ ತೀರ್ಥಹಳ್ಳಿ ಸೀಮೆಯಲ್ಲಿ ಇದೊಂದು ಸುದ್ದಿಯೇ ಅಲ್ಲ ಬಿಡಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಸ್ವಿಚ್ಚಿಗೆ ಇಲ್ಲ. 71ಕ್ಕೆ ನಿಂತಿತು. ಹೆಡ್‌ಮಾಸ್ಟರು ಬಗ್ಗಿ ನೋಡಿ, "ಸದ್ಯ, ಹಿಂದಕ್ಕಂತೂ ಹೋಗ್ಲಿಲ್ಲ" ಅಂದರು.

ಕರೆಂಟು ಬಂದ ಮೇಲೆ ನೋಡಿದರೆ ಒಂದು ಫೋಲ್ಡರಿಗೆ ವಾರಸುದಾರರೇ ಇಲ್ಲ. ಹತ್ತನೇ ಕ್ಲಾಸ್ ಮುಗಿಸಿ ಶಿವಮೊಗ್ಗಕ್ಕೆ ಪಿಯುಸಿಗೆ ಹೋದ ಹುಡುಗಿಯದು. ಪಾಠದ ಫೈಲು ಬೆರಳೆಣಿಕೆಯಷ್ಟು. ಮಿಕ್ಕಿದ್ದೆಲ್ಲ ಮನೆಯಲ್ಲಿ ಅಡಿಕೆ ಸುಲಿಯೋರ ಕೂಲಿ ಲೆಕ್ಕ, ವಾರವಾರಕ್ಕೂ ಒಂದೊಂದು ಹಾಳೆ. ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ ಅದು. ಮನೆ ಲೆಕ್ಕ ಇವಳ ಕೈಯಲ್ಲಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಅವರಪ್ಪನಿಗೆ ಫೋನ್ ಮಾಡಿದೆ. "ಅಯ್ಯೋ ಮೇಷ್ಟ್ರೇ, ಅದನ್ನೇ ಹುಡುಕ್ತಾ ಇದ್ವಿ! ಪೆನ್‌ಡ್ರೈವ್ ತರ್ತೀನಿ, ಎಷ್ಟೊತ್ತಿಗೆ ಬರ್ಲಿ?"

ಹೆಡ್‌ಮಾಸ್ಟರು ಆಗಲೇ ಫೋನಿಗೆ ಕೈ ಚಾಚಿದ್ದರು. ನಾನು ಆಚೆ ತಿರುಗಿ, "ನಾಳೆ ಬನ್ನಿ" ಅಂದೆ.