ಸಾವಿರ ಟನ್ನಿನ ಟ್ಯಾಂಕ್: ಸತ್ಯಾಂಶ ಏನು?

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸಾವಿರ ಟನ್ ತೂಕದ ಟ್ಯಾಂಕ್ ಕಟ್ಟಿ ಓಡಿಸಿತ್ತು ಎಂಬ ಸಂದೇಶ ಫೋಟೋ ಸಮೇತ ಆಗಾಗ ವಾಟ್ಸಾಪಿಗೆ ಬರುತ್ತದೆ. ಇದು ನಿಜವಲ್ಲ.

‘ರಾಟ್ಟೆ’, ಅಂದರೆ ಹೆಗ್ಗಣ, ಎಂಬ ಹೆಸರಿನ ಆ ಯೋಜನೆ ಇದ್ದದ್ದು ನಿಜ. 1942ರಲ್ಲಿ ಶುರುವಾಗಿ 1943ರಲ್ಲಿ ಕೈಬಿಟ್ಟರು. ಒಂದೇ ಒಂದು ಟ್ಯಾಂಕೂ ತಯಾರಾಗಲಿಲ್ಲ. ಗೊಂದಲಕ್ಕೆ ಕಾರಣವೂ ಇದೆ. ‘ಮೌಸ್’, ಅಂದರೆ ಇಲಿ, ಎಂಬ ಇನ್ನೊಂದು ಟ್ಯಾಂಕನ್ನು ನಿಜಕ್ಕೂ ಕಟ್ಟಿದ್ದರು. ತೂಕ 188 ಟನ್. ಇಷ್ಟು ಭಾರಕ್ಕೆ ಸೇತುವೆಗಳು ತಡೆಯುವುದಿಲ್ಲ, ಅಲ್ವಾ? ಅದಕ್ಕೇ ನದಿಯ ತಳದಲ್ಲೇ ದಾಟಿಸುವ ಉಪಾಯ ಮಾಡಿದ್ದರು. ದಡದಲ್ಲಿ ನಿಂತ ಒಂದು ಮೌಸ್ ಕೇಬಲ್ ಮೂಲಕ ವಿದ್ಯುತ್ ಕೊಡಬೇಕು, ನೀರೊಳಗಿನ ಇನ್ನೊಂದು ಅದರ ಬಲದಿಂದ ಚಲಿಸಬೇಕು! ಆದರೆ ಎರಡೇ ಮಾದರಿಗಳು ತಯಾರಾದವು. ಒಂದರ ಒಡಲು, ಇನ್ನೊಂದರ ಗೋಪುರ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಸೇರಿಸಿ ಜೋಡಿಸಿದ ಮೌಸ್ ಇಂದಿಗೂ ಮಾಸ್ಕೋ ಬಳಿಯ ಕುಬಿಂಕಾದಲ್ಲಿದೆ.

ಫೋಟೋ ಬಂದರೆ ಅದನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಮೊದಲು ಎಲ್ಲಿ ಪ್ರಕಟವಾಗಿತ್ತು ನೋಡಿ. ಬಹಳ ಸಲ ಅದು ಆಟಿಕೆ ಮಾದರಿ ಅಥವಾ ಕಂಪ್ಯೂಟರ್ ಚಿತ್ರ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿ ಕಟ್ಟಿದರು? ಎಲ್ಲಿ ಪರೀಕ್ಷಿಸಿದರು? ಈಗ ಎಲ್ಲಿದೆ? ಮೌಸ್‌ಗೆ ಮೂರಕ್ಕೂ ಉತ್ತರ ಸಿಗುತ್ತದೆ. ರಾಟ್ಟೆಗೆ ಒಂದಕ್ಕೂ ಇಲ್ಲ.

ಇದನ್ನು ಕಳಿಸುವವರು ಕುತೂಹಲದಿಂದಲೇ ಕಳಿಸುತ್ತಾರೆ. ಅವರಿಗೆ ಮೌಸ್‌ನ ಕಥೆ ಹೇಳಿ, ಅದು ಜಾಸ್ತಿ ಇಷ್ಟವಾಗುತ್ತದೆ.